ಈ ಲೈಬ್ರರಿನ ನಂಬ್ಕೊಂಡು ಯಾರ್ಯಾರು ಕೂತಿದಾರೆ?

ಲಿನಕ್ಸ್ ಸರ್ವರ್ ನೋಡ್ಕೊಳ್ಳೋ ಯಾರಿಗೇ ಆಗ್ಲಿ ಒಂದಲ್ಲ ಒಂದಿನ ಈ ಪ್ರಶ್ನೆ ಬಂದೇ ಬರತ್ತೆ. ಯಾವುದೋ ಒಂದು ಲೈಬ್ರರಿ (ಬೇರೆ ಬೇರೆ ಪ್ರೋಗ್ರಾಮುಗಳು ಹಂಚ್ಕೊಂಡು ಬಳಸೋ ಕೋಡು) ತೆಗೀಬೇಕು, ಇಲ್ಲಾ ಅದ್ರಲ್ಲಿ ದೊಡ್ಡ ಸೆಕ್ಯುರಿಟಿ ತೂತು ಸಿಕ್ಕಿದೆ ಅಂತ ಬೆಳಗ್ಗೆ ಬೆಳಗ್ಗೇನೇ ಸುದ್ದಿ ಬಂದಿದೆ, ಈಗ ನಮ್ ಮಷೀನ್‌ನಲ್ಲಿ ಇನ್‌ಸ್ಟಾಲ್ ಆಗಿರೋ ಪ್ಯಾಕೇಜುಗಳಲ್ಲಿ ಯಾವ್ಯಾವುದಕ್ಕೆ ಅದು ಬೇಕು ಅಂತ ಗೊತ್ತಾಗ್ಬೇಕು. ಗೂಗಲ್ ಮಾಡಿದ್ರೆ ಒಂದು ಸಾಲಿನ ಕಮ್ಯಾಂಡ್ ಸಿಗತ್ತೆ, ಕಾಪಿ ಮಾಡಿ ಹಾಕಿದ್ರೆ ಒಂದು ಪಟ್ಟಿನೂ ಬರತ್ತೆ. ಆದ್ರೆ ಆ ಪಟ್ಟಿ ಯಾವ ಪ್ರಶ್ನೆಗೆ ಉತ್ತರ ಅನ್ನೋದನ್ನ ನೋಡದೆ ಎಷ್ಟೋ ಜನ "ಓಕೆ ನಮಗೇನೂ ಆಗಿಲ್ಲ" ಅಂತ ಟಿಕೆಟ್ ಕ್ಲೋಸ್ ಮಾಡ್ಬಿಡ್ತಾರೆ, ಅದಕ್ಕೇ ಇದನ್ನ ಸ್ವಲ್ಪ ವಿವರವಾಗಿ ಬರೀತಿದೀನಿ. (ಕಮ್ಯಾಂಡ್‌ಗಳನ್ನ ಬಾಯಲ್ಲಿ ಹೇಳೋ ಥರಾನೇ ಕನ್ನಡದಲ್ಲಿ ಹಾಕಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು, ದೊಡ್ಡಕ್ಷರ ಅಂತ ಹೇಳದೇ ಇದ್ರೆ ಎಲ್ಲಾ ಚಿಕ್ಕಕ್ಷರ.)

ಮೊದಲು ಒಂದು ವಿಷಯ. ಒಂದು ಪ್ಯಾಕೇಜಿಗೆ ಏನೇನು ಬೇಕು ಅನ್ನೋದು ಆ ಪ್ಯಾಕೇಜ್ ಜೊತೆಗೇ ಬರೆದಿರತ್ತೆ. ಡೆಬಿಯನ್, ಉಬುಂಟು ಆದ್ರೆ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್ ಅನ್ನೋ ಫೈಲ್ ತೆಗೆದು ನೋಡಿ, ಅದು ಬರೀ ಟೆಕ್ಸ್ಟ್ ಫೈಲು, ಇನ್‌ಸ್ಟಾಲ್ ಆಗಿರೋ ಪ್ರತಿ ಪ್ಯಾಕೇಜಿಗೂ ಒಂದೊಂದು ಪ್ಯಾರಾ, ಅದ್ರಲ್ಲಿ ಡಿಪೆಂಡ್ಸ್ ಅಂತ ಒಂದು ಸಾಲು. ಆದ್ರೆ "ನನ್ನನ್ನ ಯಾರು ನಂಬಿದಾರೆ" ಅನ್ನೋ ಸಾಲು ಯಾವ ಪ್ಯಾರಾದಲ್ಲೂ ಇರಲ್ಲ. ಮದುವೆ ಮನೇಲಿ ಎದುರಿಗೆ ಸಿಕ್ಕಿದವ್ರನ್ನ ನೀವು ಯಾರ ಕಡೆಯವ್ರು ಅಂದ್ರೆ ತಕ್ಷಣ ಹೇಳ್ತಾರೆ, ಅದೇ ಅಲ್ಲಿ ಮೂಲೇಲಿ ಕೂತಿರೋ ಅಜ್ಜಿಗೆ ಇಲ್ಲಿ ಯಾರ್ಯಾರು ಸಂಬಂಧ ಅಂದ್ರೆ ಛತ್ರದಲ್ಲಿರೋ ಅಷ್ಟೂ ಜನಾನ ಕೇಳ್ಕೊಂಡು ಬರ್ಬೇಕು. ಟೂಲ್‌ಗಳು ಮಾಡೋದೂ ಅದನ್ನೇ, ಎಲ್ಲಾ ಪ್ಯಾಕೇಜಿನ ಡಿಪೆಂಡ್ಸ್ ಸಾಲು ಓದಿ ಉಲ್ಟಾ ಲೆಕ್ಕ ಹಾಕೋದು. ಹಾಗಾಗಿ ಸಾಲಿನಲ್ಲಿ ಏನು ಬರೆದಿದೆಯೋ ಅಷ್ಟೇ ಉತ್ತರ, ಬರೆಯದೇ ಇರೋದು ಅವಕ್ಕೂ ಗೊತ್ತಿಲ್ಲ.

ಉದಾಹರಣೆಗೆ ಎಕ್ಸ್‌ಝಡ್ ಪ್ರಕರಣನೇ ತಗೊಳ್ಳೋಣ, ಈ ವಿಷಯ ಕಲಿಯೋಕೆ ಅದಕ್ಕಿಂತ ಒಳ್ಳೇ ಪಾಠ ಇಲ್ಲ. 2024ರ ಮಾರ್ಚ್ 29ಕ್ಕೆ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಪೋಸ್ಟ್‌ಗ್ರೆಸ್ ಡೇಟಾಬೇಸ್ ಡೆವಲಪರ್ ಒಂದು ಮೇಲ್ ಹಾಕಿದ್ರು. ಡೆಬಿಯನ್ ಸಿಡ್ (ಇನ್ನೂ ತಯಾರಾಗ್ತಿರೋ ಆವೃತ್ತಿ) ಮಷೀನ್‌ನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಸರ್ವರ್ ಒಳಗೆ ಹೋಗೋ ದಾರಿ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ಜಾಸ್ತಿ ತಗೋತಿದೆ, ಯಾಕೆ ಅಂತ ಬೆನ್ನು ಹತ್ತಿದ್ರೆ ಎಕ್ಸ್‌ಝಡ್ 5.6.0 ಮತ್ತೆ 5.6.1ರಲ್ಲಿ ಯಾರೋ ಬೇಕಂತಲೇ ಬ್ಯಾಕ್‌ಡೋರ್, ಅಂದ್ರೆ ಕಳ್ಳಬಾಗಿಲು, ಇಟ್ಟಿದಾರೆ ಅಂತ. ಸೆಕ್ಯುರಿಟಿ ತೂತುಗಳ ಪಟ್ಟಿಯಲ್ಲಿ ಅದಕ್ಕೆ ಸಿವಿಇ-2024-3094 ಅಂತ ನಂಬರ್ ಬಂತು, ತೀವ್ರತೆ ಹತ್ತಕ್ಕೆ ಹತ್ತು. ಆಗ ಎಲ್ಲರೂ ಕೇಳಿದ್ದು ಒಂದೇ, ಎಕ್ಸ್‌ಝಡ್ ಅನ್ನೋದು ಫೈಲ್ ಕುಗ್ಗಿಸೋ ಟೂಲು, ಅದಕ್ಕೂ ಎಸ್‌ಎಸ್‌ಎಚ್‌ಗೂ ಎಲ್ಲಿಂದೆಲ್ಲಿಯ ಸಂಬಂಧ?

ಒಂದು ಡೆಬಿಯನ್ 12 ಮಷೀನ್ ಮೇಲೆ ಇದನ್ನೇ ಹುಡುಕಿ ನೋಡೋಣ (ಡೆಬಿಯನ್ ಸ್ಟೇಬಲ್‌ಗೆ ಆ ವಿಷದ ವರ್ಶನ್ ಬಂದಿರ್ಲಿಲ್ಲ, ಆದ್ರೆ ಸಂಬಂಧದ ಸರಪಳಿ ಅದೇ). ಎಕ್ಸ್‌ಝಡ್‌ನ ಲೈಬ್ರರಿ ಪ್ಯಾಕೇಜಿನ ಹೆಸರು ಲಿಬ್‌ಎಲ್‌ಝಡ್‌ಎಂಎ5. ಎಲ್ಲರೂ ಹೇಳೋ ಕಮ್ಯಾಂಡ್ ಇದು (ಆಪ್ಟ್ ಅಂದ್ರೆ ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್):

ಆಪ್ಟ್ ಆರ್‌ಡಿಪೆಂಡ್ಸ್ --ಇನ್‌ಸ್ಟಾಲ್ಡ್ ಲಿಬ್‌ಎಲ್‌ಝಡ್‌ಎಂಎ5

ಆ ಇನ್‌ಸ್ಟಾಲ್ಡ್ ಅನ್ನೋ ಫ್ಲ್ಯಾಗ್ ಮರೀಬೇಡಿ, ಮರೆತ್ರೆ ರೆಪೊಸಿಟರಿಯಲ್ಲಿರೋ ಊರಿನ ಪ್ಯಾಕೇಜೆಲ್ಲಾ ಸುರಿಯತ್ತೆ. ಇನ್ನೊಂದು, ಇದೇ ಕೆಲಸಕ್ಕೆ ಆಪ್ಟ್-ಕ್ಯಾಶ್ ಆರ್‌ಡಿಪೆಂಡ್ಸ್ ಅಂತಾನೂ ಇದೆ, ಆದ್ರೆ ಅದು ಬರೀ ಹೆಸರುಗಳನ್ನ ಕೊಡತ್ತೆ, ಗಟ್ಟಿ ಡಿಪೆಂಡ್ಸಾ, ಇದ್ರೆ ಒಳ್ಳೇದು ಅನ್ನೋ ರೆಕಮೆಂಡ್ಸಾ, ಸಜೆಸ್ಟ್ಸಾ ಅಂತ ಹೇಳಲ್ಲ. ಆಪ್ಟ್ ಆರ್‌ಡಿಪೆಂಡ್ಸ್ ಪ್ರತಿ ಸಾಲಿನ ಮುಂದೆ ಅದನ್ನ ಬರೀತದೆ, ಹಾಗಾಗಿ ನಾನು ಯಾವಾಗ್ಲೂ ಇದನ್ನೇ ಬಳಸೋದು. ಸಾಲಿನ ಮುಂದೆ ಒಂದು ನಿಂತ ಗೆರೆ ಕಂಡ್ರೆ ಆ ಪ್ಯಾಕೇಜಿಗೆ ಇದು ಇಲ್ದಿದ್ರೆ ಇನ್ನೊಂದಾದ್ರೂ ಆಗತ್ತೆ ಅಂತ ಅರ್ಥ. ಕೆಲವು ಹೆಸರು ಎರಡೆರಡು ಸಲ ಬರ್ತವೆ, ಒಂದೇ ಪ್ಯಾಕೇಜಿನ ಬೇರೆ ಬೇರೆ ವರ್ಶನ್ ಆಪ್ಟ್‌ಗೆ ಗೊತ್ತಿದ್ದಾಗ ಹಾಗಾಗತ್ತೆ, ಗಾಬರಿ ಬೇಡ.

ಪಟ್ಟಿಯಲ್ಲಿ ಯಾರ್ಯಾರು ಬರ್ತಾರೆ ಅಂದ್ರೆ ಎಕ್ಸ್‌ಝಡ್-ಯುಟಿಲ್ಸ್ ಬರತ್ತೆ, ಪೈಥಾನ್‌ನ ಸ್ಟ್ಯಾಂಡರ್ಡ್ ಲೈಬ್ರರಿ ಬರತ್ತೆ, ಲಿಬ್‌ಎಕ್ಸ್‌ಎಂಎಲ್2 ಬರತ್ತೆ, ಕರ್ನಲ್ ಮಾಡ್ಯೂಲ್ ಲೋಡ್ ಮಾಡೋ ಲಿಬ್‌ಕೆಮಾಡ್2 ಬರತ್ತೆ, ಆಪ್ಟ್‌ನದೇ ಲೈಬ್ರರಿ ಬರತ್ತೆ, ಲಿಬ್‌ಸಿಸ್ಟಮ್‌ಡಿ0 ಬರತ್ತೆ, ಎಲ್ಲಕ್ಕಿಂತ ಹೆಚ್ಚಾಗಿ ಡಿಪಿಕೆಜಿನೇ ಬರತ್ತೆ. ಯೋಚ್ನೆ ಮಾಡಿ, ಪ್ಯಾಕೇಜ್ ಬಿಚ್ಚೋ ಪ್ರೋಗ್ರಾಮಿಗೇ ಈ ಲೈಬ್ರರಿ ಬೇಕು, ಯಾಕಂದ್ರೆ ಡೆಬ್ ಫೈಲಿನ ಒಳಗಿರೋ ಸಾಮಾನು ಎಕ್ಸ್‌ಝಡ್‌ನಲ್ಲೇ ಕುಗ್ಗಿಸಿರೋದು. ಇದನ್ನ ಕಿತ್ತು ಹಾಕಿದ್ರೆ ವಾಪಸ್ ಹಾಕೋಕೆ ಕೈಯಲ್ಲಿ ಏನೂ ಉಳಿಯಲ್ಲ.

ಆದ್ರೆ ಆ ಪಟ್ಟಿಯಲ್ಲಿ ಓಪನ್‌ಎಸ್‌ಎಸ್‌ಎಚ್-ಸರ್ವರ್ ಇಲ್ಲ! ಯಾವ ಪ್ರೋಗ್ರಾಮಿನ ಮೇಲೆ ದಾಳಿ ಮಾಡೋಕೆ ಅಂತಾನೇ ಆ ಬ್ಯಾಕ್‌ಡೋರ್ ಮಾಡಿದ್ರೋ ಅದರ ಹೆಸರೇ ಈ ಪಟ್ಟಿಯಲ್ಲಿ ಬರಲ್ಲ. ಯಾಕಂದ್ರೆ ಆರ್‌ಡಿಪೆಂಡ್ಸ್ ಕೊಡೋದು ನೇರ ಸಂಬಂಧ ಮಾತ್ರ. ಡೆಬಿಯನ್, ಫೆಡೋರಾ ಅಂಥವ್ರು ತಮ್ಮ ಕಡೆಯಿಂದ ಎಸ್‌ಎಸ್‌ಎಚ್‌ಡಿಗೆ (ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಮಿಗೆ) ಒಂದು ಪ್ಯಾಚ್ ಹಾಕಿದ್ರು, ಸರ್ವಿಸ್ ಶುರುವಾಯ್ತು ಅಂತ ಎಲ್ಲಾ ಸರ್ವಿಸ್ ನೋಡ್ಕೊಳ್ಳೋ ಸಿಸ್ಟಮ್‌ಡಿಗೆ ತಿಳಿಸೋಕೆ, ಅದಕ್ಕೆ ಲಿಬ್‌ಸಿಸ್ಟಮ್‌ಡಿ ಬೇಕಾಯ್ತು, ಲಿಬ್‌ಸಿಸ್ಟಮ್‌ಡಿಗೆ ಜರ್ನಲ್ (ಲಾಗ್) ಫೈಲುಗಳನ್ನ ಓದೋಕೆ ಲಿಬ್‌ಎಲ್‌ಝಡ್‌ಎಂಎ ಬೇಕು. "ನಾನು ರೆಡಿ" ಅನ್ನೋ ಒಂದು ಚಿಕ್ಕ ಸಂದೇಶ ಕಳಿಸೋಕೆ ಅಂತ ಎಸ್‌ಎಸ್‌ಎಚ್‌ಡಿ ಪ್ರೋಸೆಸ್ ಒಳಗೆ, ರೂಟ್ ಅಧಿಕಾರದಲ್ಲಿ, ಒಂದು ಕಂಪ್ರೆಶನ್ ಲೈಬ್ರರಿ ಬಂದು ಕೂತಿತ್ತು. ಇದನ್ನ ಓದಿದಾಗ್ಲೆಲ್ಲಾ ನನಗೆ ಮೈ ಜುಂ ಅನ್ನತ್ತೆ.

ಸರಪಳಿ ಪೂರ್ತಿ ಬೇಕು ಅಂದ್ರೆ ಆರ್‌ಡಿಪೆಂಡ್ಸ್‌ಗೆ --ರಿಕರ್ಸ್ ಅಂತ ಸೇರಿಸಬಹುದು, ಆದ್ರೆ ಇಂಥ ಬುಡದ ಲೈಬ್ರರಿಗೆ ಅದನ್ನ ಹಾಕಿದ್ರೆ ಹೆಚ್ಚುಕಮ್ಮಿ ಇಡೀ ಸಿಸ್ಟಮ್ಮೇ ಬಂದ್ಬಿಡತ್ತೆ, ಉಪಯೋಗ ಇಲ್ಲ. ನನಗಿಷ್ಟವಾದ ದಾರಿ ಆಪ್ಟಿಟ್ಯೂಡ್. ಅದ್ರಲ್ಲಿ ವೈ ಅಂತ ಒಂದು ಸಬ್‌ಕಮ್ಯಾಂಡ್ ಇದೆ:

ಆಪ್ಟಿಟ್ಯೂಡ್ ವೈ ಓಪನ್‌ಎಸ್‌ಎಸ್‌ಎಚ್-ಸರ್ವರ್ ಲಿಬ್‌ಎಲ್‌ಝಡ್‌ಎಂಎ5

ಮೊದಲನೇ ಹೆಸರು ಎಲ್ಲಿಂದ ಶುರು ಅಂತ, ಕೊನೇದು ಎಲ್ಲಿಗೆ ಮುಟ್ಟಬೇಕು ಅಂತ. ಎರಡೇ ಸಾಲಿನ ಉತ್ತರ ಬರತ್ತೆ, ಓಪನ್‌ಎಸ್‌ಎಸ್‌ಎಚ್-ಸರ್ವರ್ ಡಿಪೆಂಡ್ಸ್ ಲಿಬ್‌ಸಿಸ್ಟಮ್‌ಡಿ0, ಲಿಬ್‌ಸಿಸ್ಟಮ್‌ಡಿ0 ಪ್ರಿಡಿಪೆಂಡ್ಸ್ ಲಿಬ್‌ಎಲ್‌ಝಡ್‌ಎಂಎ5. ಅಷ್ಟೇ, ಕಥೆ ಪೂರ್ತಿ ಅದ್ರಲ್ಲಿದೆ. ಆಪ್ಟಿಟ್ಯೂಡ್ ಈಗ ತಾನಾಗೇ ಇನ್‌ಸ್ಟಾಲ್ ಆಗಿ ಬರಲ್ಲ ಅಂತ ಜನ ಅದನ್ನ ಮರೆತೇ ಹೋಗಿದಾರೆ, ಈ ಒಂದು ಕೆಲಸಕ್ಕಾದ್ರೂ ಹಾಕ್ಕೊಳ್ಳಿ ಅಂತ ಹೇಳ್ತೀನಿ.

ಆ ಪ್ರಿಡಿಪೆಂಡ್ಸ್ (ಇನ್‌ಸ್ಟಾಲ್ ಶುರುವಾಗೋಕೆ ಮೊದಲೇ ಇರಬೇಕಾದ್ದು) ಅನ್ನೋದನ್ನ ಗಮನಿಸಿ, ಅದೊಂದು ದೊಡ್ಡ ಗುಂಡಿ. ಕೆಲವರು ಡಿಪಿಕೆಜಿ-ಕ್ವೆರಿಯಿಂದ ಡಿಪೆಂಡ್ಸ್ ಸಾಲು ಮಾತ್ರ ತೆಗೆದು ಅದ್ರಲ್ಲಿ ಹೆಸರು ಹುಡುಕೋಕೆ ಗ್ರೆಪ್ ಹಾಕೋ ಸ್ಕ್ರಿಪ್ಟ್ ಇಟ್ಕೊಂಡಿರ್ತಾರೆ, ಅಂಥ ಸ್ಕ್ರಿಪ್ಟಿಗೆ ಲಿಬ್‌ಸಿಸ್ಟಮ್‌ಡಿ0ನೂ ಕಾಣಲ್ಲ ಡಿಪಿಕೆಜಿನೂ ಕಾಣಲ್ಲ, ಯಾಕಂದ್ರೆ ಅವೆರಡೂ ಪ್ರಿ-ಡಿಪೆಂಡ್ಸ್ ಅನ್ನೋ ಬೇರೆ ಸಾಲಿನಲ್ಲಿ ಬರೆದಿರೋದು. ಸ್ಕ್ರಿಪ್ಟ್ ಬರೆಯೋದಾದ್ರೆ ಎರಡೂ ಫೀಲ್ಡ್ ತಗೊಳ್ಳಿ.

ಇನ್ನು ಪ್ಯಾಕೇಜಿನ ಹೆಸರೇ ಗೊತ್ತಿಲ್ಲ, ಬರೀ ಲೈಬ್ರರಿ ಫೈಲಿನ ಹೆಸರು ಗೊತ್ತು ಅಂದ್ರೆ ಡಿಪಿಕೆಜಿ -ಎಸ್ ಹಾಕಿ ಫೈಲ್ ಹೆಸರು ಕೊಡಿ (ದೊಡ್ಡ ಎಸ್). ಇಲ್ಲೂ ಒಂದು ಕಿರಿಕಿರಿ ಇದೆ. ಒಂದು ಪ್ರೋಗ್ರಾಮಿಗೆ ಯಾವ್ಯಾವ ಲೈಬ್ರರಿ ಫೈಲ್ ಬೇಕು ಅಂತ ಹೇಳೋ ಎಲ್‌ಡಿಡಿ ಕಮ್ಯಾಂಡ್ ತೋರಿಸೋ ದಾರಿ /ಲಿಬ್ ಅಂತ ಶುರುವಾಗತ್ತೆ, ಡಿಪಿಕೆಜಿ ಡೇಟಾಬೇಸ್‌ನಲ್ಲಿ ಎಷ್ಟೋ ಫೈಲು /ಯುಎಸ್ಆರ್/ಲಿಬ್ ಅಂತ ಇರತ್ತೆ, ಈಗ ಎರಡೂ ಒಂದೇ ಜಾಗ ಆದ್ರೂ ಡಿಪಿಕೆಜಿಗೆ ಅದು ಬೇರೆ ಬೇರೆ, ಅದಕ್ಕೇ ಇಂಥ ದಾರಿ ಸಿಗ್ಲಿಲ್ಲ ಅಂತ ಹೇಳ್ಬಿಡತ್ತೆ. ಪೂರ್ತಿ ದಾರಿ ಕೊಡದೆ ಬರೀ ಫೈಲಿನ ಹೆಸರು ಕೊಟ್ರೆ ಆ ತೊಂದ್ರೆ ಇಲ್ಲ. ಹೆಸರಿನ ಇನ್ನೊಂದು ರಗಳೆ, ಉಬುಂಟು 24.04 ಮತ್ತೆ ಡೆಬಿಯನ್ 13ರಲ್ಲಿ ಲಿಬ್‌ಎಸ್‌ಎಸ್‌ಎಲ್3 (ಓಪನ್‌ಎಸ್‌ಎಸ್‌ಎಲ್ ಅನ್ನೋ ಎನ್‌ಕ್ರಿಪ್ಶನ್ ಸಾಫ್ಟ್‌ವೇರಿನ ಲೈಬ್ರರಿ) ಅನ್ನೋದು ಲಿಬ್‌ಎಸ್‌ಎಸ್‌ಎಲ್3ಟಿ64 ಆಗಿದೆ. 2038ರಲ್ಲಿ 32 ಬಿಟ್ ಸಮಯದ ಲೆಕ್ಕ ತುಂಬಿ ಹೋಗತ್ತಲ್ಲ, ಅದಕ್ಕೆ ತಯಾರಿಯಾಗಿ ಎಷ್ಟೋ ಲೈಬ್ರರಿ ಪ್ಯಾಕೇಜುಗಳ ಬಾಲಕ್ಕೆ ಟಿ64 ಅಂಟಿಸಿದ್ರು. ಹಳೇ ಹೆಸರಲ್ಲಿ ಹುಡುಕಿದ್ರೆ ಪಟ್ಟಿ ಅರ್ಧಂಬರ್ಧ ಬರತ್ತೆ, ಅದನ್ನ ನೋಡಿ ನಮ್ಮಲ್ಲಿ ಯಾರೂ ಓಪನ್‌ಎಸ್‌ಎಸ್‌ಎಲ್ ಬಳಸ್ತಿಲ್ಲ ಅಂದ್ಕೋಬೇಡಿ.

ಪ್ಯಾಕೇಜಿನ ಮಾತು ಬಿಟ್ಟು ಪ್ರೋಗ್ರಾಮ್ ಫೈಲನ್ನೇ ಕೇಳೋದು ಎರಡನೇ ಹಂತ. ಲಿನಕ್ಸ್‌ನಲ್ಲಿ ಹೊರಗಿನ ಲೈಬ್ರರಿ ಬಳಸೋ ಪ್ರತಿ ಎಲ್ಫ್ ಫೈಲಿನಲ್ಲೂ (ಪ್ರೋಗ್ರಾಮ್, ಲೈಬ್ರರಿಗಳ ಫೈಲ್ ರೂಪ ಅದು) ನೀಡೆಡ್ ಅಂತ ಸಾಲುಗಳಿರ್ತವೆ, ನನಗೆ ಈ ಈ ಲೈಬ್ರರಿ ಬೇಕು ಅಂತ. ನಿಜ ಹೇಳ್ಬೇಕು ಅಂದ್ರೆ ಪ್ಯಾಕೇಜಿನ ಡಿಪೆಂಡ್ಸ್ ಸಾಲಿನ ಬಹುಪಾಲು ಹುಟ್ಟೋದೇ ಇಲ್ಲಿಂದ, ಡೆಬಿಯನ್‌ನಲ್ಲಿ ಪ್ಯಾಕೇಜ್ ಕಟ್ಟುವಾಗ ಡಿಪಿಕೆಜಿ-ಎಸ್‌ಎಚ್‌ಲಿಬ್‌ಡೆಪ್ಸ್ ಅನ್ನೋ ಟೂಲ್ ಈ ಸಾಲುಗಳನ್ನ ಓದಿ, ಯಾವ ಲೈಬ್ರರಿ ಯಾವ ಪ್ಯಾಕೇಜಿಂದು ಅಂತ ನೋಡಿ ತುಂಬತ್ತೆ. ನೀವೇ ನೋಡ್ಬೇಕು ಅಂದ್ರೆ ರೀಡ್‌ಎಲ್ಫ್ -ಡಿ ಹಾಕಿ. ಡೆಬಿಯನ್ 12ರ ಎಸ್‌ಎಸ್‌ಎಚ್‌ಡಿ ಮೇಲೆ ಹಾಕಿದ್ರೆ ಲಿಬ್‌ಸಿಸ್ಟಮ್‌ಡಿ ಕಾಣತ್ತೆ, ಲಿಬ್‌ಎಲ್‌ಝಡ್‌ಎಂಎ ಕಾಣಲ್ಲ. ಅದೇ ಫೈಲಿಗೆ ಎಲ್‌ಡಿಡಿ ಹಾಕಿದ್ರೆ ಲಿಬ್‌ಎಲ್‌ಝಡ್‌ಎಂಎನೂ ಕಾಣತ್ತೆ, ಯಾಕಂದ್ರೆ ಎಲ್‌ಡಿಡಿ ಸರಪಳಿ ಪೂರ್ತಿ ಬಿಡಿಸಿ ತೋರಿಸತ್ತೆ. ಎರಡೂ ಸರೀನೇ. ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಅನುಮಾನದ ಫೈಲಿಗೆ ಮಾತ್ರ ಎಲ್‌ಡಿಡಿ ಹಾಕ್ಬೇಡಿ, ಕೆಲವು ಸಂದರ್ಭದಲ್ಲಿ ಅದು ಪ್ರೋಗ್ರಾಮನ್ನೇ ಓಡಿಸಿಬಿಡಬಹುದು ಅಂತ ಅದರ ಮ್ಯಾನ್ ಪೇಜೇ ಎಚ್ಚರಿಸತ್ತೆ.

ಇದು ಎಷ್ಟು ಮುಖ್ಯ ಅನ್ನೋದಕ್ಕೆ ಆರ್ಚ್ ಲಿನಕ್ಸ್ ನೋಡಿ. ಆ ವಿಷದ 5.6.1 ಆರ್ಚ್‌ನಲ್ಲೂ ಅಪ್‌ಡೇಟ್ ಮಾಡಿದವ್ರ ಮಷೀನಿಗೆ ಹೋಗಿತ್ತು. ಆದ್ರೆ ಆರ್ಚ್‌ನವ್ರು ಎಸ್‌ಎಸ್‌ಎಚ್‌ಡಿಗೆ ಆ ಸಿಸ್ಟಮ್‌ಡಿ ಪ್ಯಾಚ್ ಹಾಕಿರ್ಲಿಲ್ಲ, ಹಾಗಾಗಿ ಅಲ್ಲಿ ಎಸ್‌ಎಸ್‌ಎಚ್‌ಡಿ ಒಳಗೆ ಲಿಬ್‌ಎಲ್‌ಝಡ್‌ಎಂಎ ಹೋಗ್ತಾನೇ ಇರ್ಲಿಲ್ಲ, ಎಸ್‌ಎಸ್‌ಎಚ್‌ಡಿ ಮೇಲೆ ಎಲ್‌ಡಿಡಿ ಹಾಕಿ ನೀವೇ ನೋಡ್ಕೊಳ್ಳಿ ಅಂತ ಅವರ ಪ್ರಕಟಣೆಯಲ್ಲೇ ಬರೆದಿದ್ರು. ಅದೇ ಲೈಬ್ರರಿ, ಅದೇ ವರ್ಶನ್, ಆದ್ರೆ ಯಾರು ಯಾರನ್ನ ನಂಬಿದಾರೆ ಅನ್ನೋದು ಬೇರೆ ಆಗಿದ್ದಕ್ಕೆ ಅಪಾಯಾನೂ ಬೇರೆ. ಬರೀ ವರ್ಶನ್ ನಂಬರ್ ನೋಡಿ ಕೆಂಪು ಹಸಿರು ಬಣ್ಣ ಹಚ್ಚೋ ಸ್ಕ್ಯಾನರ್‌ಗಳು ಈ ವ್ಯತ್ಯಾಸ ಹೇಳಲ್ಲ. ಆರ್ಚ್‌ನಲ್ಲಿ ಉಲ್ಟಾ ಪಟ್ಟಿ ಬೇಕು ಅಂದ್ರೆ ಪ್ಯಾಕ್‌ಟ್ರೀ -ಆರ್ ಅಂತ ಇದೆ, ಪ್ಯಾಕ್‌ಮ್ಯಾನ್-ಕಾಂಟ್ರಿಬ್ ಪ್ಯಾಕೇಜಿನಲ್ಲಿ ಬರತ್ತೆ, ಮರದ ಥರ ಕವಲು ಕವಲಾಗಿ ತೋರಿಸತ್ತೆ, ನೋಡೋಕೂ ಚೆಂದ.

ಫೆಡೋರಾ, ರೆಡ್‌ಹ್ಯಾಟ್ ಕಡೆ ಇನ್ನೊಂದು ಥರ. ಅಲ್ಲಿ ಲೈಬ್ರರಿ ಪ್ಯಾಕೇಜ್ ಹೆಸರು ಎಕ್ಸ್‌ಝಡ್-ಲಿಬ್ಸ್. ಆರ್‌ಪಿಎಂ -ಕ್ಯೂ --ವಾಟ್‌ರಿಕ್ವೈರ್ಸ್ ಎಕ್ಸ್‌ಝಡ್-ಲಿಬ್ಸ್ ಅಂತ ಹೊಡೆದ್ರೆ ಯಾರಿಗೂ ಬೇಡ ಅನ್ನೋ ಥರ ಉತ್ತರ ಬರಬಹುದು. ಹೊಸಬ್ರು ಇಲ್ಲೇ ಎಡವೋದು. ಆರ್‌ಪಿಎಂ ಜಗತ್ತಲ್ಲಿ ಪ್ಯಾಕೇಜುಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೇಳೋದು ಕಮ್ಮಿ, ಲೈಬ್ರರಿ ಫೈಲಿನ ಸೋನೇಮ್ (ಫೈಲಿನೊಳಗೇ ಬರೆದಿರೋ ಹೆಸರು) ಹಿಡಿದು ಕೇಳ್ತವೆ, "ಲಿಬ್‌ಎಲ್‌ಝಡ್‌ಎಂಎ.ಎಸ್‌ಓ.5()(64ಬಿಟ್)" ಅಂತ ಆ ಖಾಲಿ ಬ್ರ್ಯಾಕೆಟ್ ಸಮೇತ, ಅದನ್ನೇ ಕೋಟ್‌ನಲ್ಲಿ ಹಾಕಿ ಕೇಳ್ಬೇಕು. ಇಷ್ಟೆಲ್ಲಾ ನೆನಪಿಟ್ಕೊಳ್ಳೋಕೆ ಆಗಲ್ಲ ಅಂದ್ರೆ ಡಿಎನ್‌ಎಫ್ ರೆಪೊಕ್ವೆರಿ --ಇನ್‌ಸ್ಟಾಲ್ಡ್ --ವಾಟ್‌ರಿಕ್ವೈರ್ಸ್ ಎಕ್ಸ್‌ಝಡ್-ಲಿಬ್ಸ್ ಅನ್ನಿ, ಪ್ಯಾಕೇಜ್ ಏನೇನು ಒದಗಿಸತ್ತೆ ಅಂತ ಡಿಎನ್‌ಎಫ್ ತಾನೇ ನೋಡ್ಕೊಂಡು ಸರಿಯಾದ ಪಟ್ಟಿ ಕೊಡತ್ತೆ. ಆಲ್ಪೈನ್‌ನಲ್ಲಿ ಎಪಿಕೆ ಇನ್ಫೋ -ಆರ್, ಫ್ರೀಬಿಎಸ್‌ಡಿಯಲ್ಲಿ ಪಿಕೆಜಿ ಇನ್ಫೋ -ಆರ್, ಮ್ಯಾಕ್‌ನ ಹೋಮ್‌ಬ್ರೂನಲ್ಲಿ ಬ್ರೂ ಯೂಸಸ್ --ಇನ್‌ಸ್ಟಾಲ್ಡ್. ಇವು ಹೇಳಿದಷ್ಟೇ, ಜಾಸ್ತಿ ತಂಟೆ ಇಲ್ಲ.

ಈಗ ಮೂರನೇದು, ನನ್ನ ಪ್ರಕಾರ ಸೆಕ್ಯುರಿಟಿ ವಿಷಯದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ. ಪ್ಯಾಕೇಜ್ ಲೆಕ್ಕ, ಫೈಲ್ ಲೆಕ್ಕ ಎರಡೂ ಆಯ್ತು, ಆದ್ರೆ ಈ ಕ್ಷಣಕ್ಕೆ ಓಡ್ತಿರೋ ಯಾವ ಪ್ರೋಸೆಸ್ ಆ ಲೈಬ್ರರಿನ ಮೆಮೊರಿಯಲ್ಲಿ ಹಿಡ್ಕೊಂಡಿದೆ? 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಅನ್ನೋ ತೂತು ಬಂದಾಗ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್ ಅಪ್‌ಗ್ರೇಡ್ ಮಾಡಿದ್ರೆ ಮಾತ್ರ ಸಾಲ್ತಿರ್ಲಿಲ್ಲ. ಡಿಸ್ಕ್ ಮೇಲೆ ಹೊಸ ಫೈಲ್ ಬಂದ್ರೂ ಮುಂಚೆಯಿಂದ ಓಡ್ತಿರೋ ವೆಬ್ ಸರ್ವರ್ ಹಳೇ ಫೈಲನ್ನೇ ಮೆಮೊರಿಯಲ್ಲಿ ಇಟ್ಕೊಂಡಿರತ್ತೆ, ರೀಸ್ಟಾರ್ಟ್ ಮಾಡೋವರೆಗೂ ಆ ತೂತು ತೆರೆದೇ ಇರತ್ತೆ, ಆಪ್ಟ್ ಕೇಳಿದ್ರೆ ಮಾತ್ರ ಹೊಸ ವರ್ಶನ್ ಇದೆ ಅನ್ನತ್ತೆ.

ರೂಟ್ ಆಗಿ ಇದನ್ನ ಹೊಡೀರಿ:

ಗ್ರೆಪ್ -ಎಲ್ ಲಿಬ್‌ಎಲ್‌ಝಡ್‌ಎಂಎ /ಪ್ರಾಕ್/*/ಮ್ಯಾಪ್ಸ್

ಬರೋ ಪ್ರತಿ ಸಾಲಿನ ನಡುವೆ ಇರೋ ನಂಬರ್ರೇ ಪ್ರೋಸೆಸ್ ಐಡಿ. ಇದಕ್ಕೆ ಯಾವ ಪ್ಯಾಕೇಜ್ ಮ್ಯಾನೇಜರೂ ಬೇಡ, ಕರ್ನಲ್ ಕೊಡೋ ಸಾಕ್ಷಿ ಇದು. ಆ ಮ್ಯಾಪ್ಸ್ ಫೈಲ್ ಒಳಗೆ ಲೈಬ್ರರಿ ಹೆಸರಿನ ಪಕ್ಕ ಡಿಲೀಟೆಡ್ ಅಂತ ಇದ್ರೆ ಆ ಪ್ರೋಸೆಸ್ ಹಳೇ ಫೈಲ್ ಹಿಡ್ಕೊಂಡಿದೆ ಅಂತ ಅರ್ಥ, ಅದನ್ನ ರೀಸ್ಟಾರ್ಟ್ ಮಾಡ್ಲೇಬೇಕು. ನೀಡ್‌ರೀಸ್ಟಾರ್ಟ್ ಅನ್ನೋ ಟೂಲ್ ಇದನ್ನೇ ನೋಡಿ ಹೇಳೋದು, ಉಬುಂಟು ಸರ್ವರ್ 22.04ರಲ್ಲಿ ಅಪ್‌ಗ್ರೇಡ್ ಆದ್ಮೇಲೆ ಯಾವ ಸರ್ವಿಸ್ ರೀಸ್ಟಾರ್ಟ್ ಮಾಡ್ಲಿ ಅಂತ ಕೇಳತ್ತಲ್ಲ, ಆ ಸ್ಕ್ರೀನು. ಎಷ್ಟೋ ಜನಕ್ಕೆ ಅದು ಕಿರಿಕಿರಿ ಅನ್ಸಿ ಆಫ್ ಮಾಡಿಡ್ತಾರೆ, ದಯವಿಟ್ಟು ಮಾಡ್ಬೇಡಿ. ಒಂದನೇ ನಂಬರ್ ಪ್ರೋಸೆಸ್ ಅಂದ್ರೆ ಸಿಸ್ಟಮ್‌ಡಿನೇ ಹಳೇದು ಹಿಡ್ಕೊಂಡಿದ್ರೆ ಸಿಸ್ಟಮ್‌ಸಿಟಿಎಲ್ ಡೀಮನ್-ರೀಎಕ್ಸೆಕ್ ಹಾಕಿದ್ರೆ ಆಯ್ತು, ಡಿಬಸ್ (ಪ್ರೋಗ್ರಾಮುಗಳ ನಡುವೆ ಸಂದೇಶ ಸಾಗಿಸೋ ಸರ್ವಿಸ್) ಹಿಡ್ಕೊಂಡಿದ್ರೆ ಅದನ್ನ ಮುಟ್ಟೋ ಬದಲು ಟೈಮ್ ನೋಡ್ಕೊಂಡು ಮಷೀನನ್ನೇ ರೀಬೂಟ್ ಮಾಡೋದು ವಾಸಿ.

ಈ ಮೂರನೇ ಪರೀಕ್ಷೆ ಯಾಕೆ ಬಿಡಬಾರದು ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಎಕ್ಸ್‌ಝಡ್ ಗಲಾಟೆ ಆದ್ಮೇಲೆ ಓಪನ್‌ಎಸ್‌ಎಸ್‌ಎಚ್‌ನವ್ರು 9.8ರಲ್ಲಿ ಆ ರೆಡಿ ಸಂದೇಶವನ್ನ ಲೈಬ್ರರಿ ಇಲ್ದೇನೇ ಕಳಿಸೋ ಹಾಗೆ ಮಾಡಿದ್ರು, ಬಹಳ ಒಳ್ಳೇ ಕೆಲಸ. ಸಿಸ್ಟಮ್‌ಡಿನವ್ರು 256ನೇ ವರ್ಶನ್‌ನಲ್ಲಿ ಲಿಬ್‌ಸಿಸ್ಟಮ್‌ಡಿ ಈ ಕಂಪ್ರೆಶನ್ ಲೈಬ್ರರಿಗಳನ್ನ ಶುರುವಿಗೇ ಎಳ್ಕೊಳ್ದೆ ಬೇಕಾದಾಗ ಮಾತ್ರ ಡಿಎಲ್‌ಓಪನ್ (ಓಡ್ತಿರುವಾಗಲೇ ಲೋಡ್) ಮಾಡೋ ಹಾಗೆ ಬದಲಾಯಿಸಿದ್ರು. ಅದೂ ಒಳ್ಳೇದೇ, ಬೇಡದ ಕಡೆ ಬೇಡದ ಕೋಡ್ ಬರಲ್ಲ. ಆದ್ರೆ ಡಿಎಲ್‌ಓಪನ್ ಮಾಡಿದ್ದು ನೀಡೆಡ್ ಸಾಲಿನಲ್ಲಿ ಬರಲ್ಲ, ಎಲ್‌ಡಿಡಿಗೂ ಕಾಣಲ್ಲ, ಡಿಪಿಕೆಜಿ-ಎಸ್‌ಎಚ್‌ಲಿಬ್‌ಡೆಪ್ಸ್‌ಗೂ ಕಾಣಲ್ಲ. ಅದು ಸಿಸ್ಟಮ್‌ಡಿಯವ್ರಿಗೂ ಗೊತ್ತಿದ್ದಿದ್ದಕ್ಕೇ ಅದೇ 256ರಲ್ಲಿ ಎಲ್ಫ್ ಫೈಲಿನೊಳಗೆ ಒಂದು ನೋಟ್ ಇಡೋ ಪದ್ಧತಿ ತಂದ್ರು, ನಾನು ಇಂಥಿಂಥ ಲೈಬ್ರರಿನ ಆಮೇಲೆ ಓಪನ್ ಮಾಡಬಹುದು ಅಂತ ಮೊದಲೇ ಬರೆದಿಡೋದು. ಪ್ಲಗಿನ್ ಥರದ ಕೋಡ್ ಬರೆಯೋ ಪ್ರತಿಯೊಬ್ಬರೂ ಇದನ್ನ ಅಳವಡಿಸ್ಕೋಬೇಕು ಅಂತ ನಾನು ಮನಸಾರೆ ಬಯಸ್ತೀನಿ. ಬರೆದಿಡದ ಸಂಬಂಧ ಇದ್ರೆ ಕೆಟ್ಟ ದಿನ ಬಂದಾಗ ಹುಡುಕೋಕೆ ಕೂರೋವ್ರು ರಾತ್ರಿ ಡ್ಯೂಟಿಯಲ್ಲಿರೋ ಹುಡುಗ್ರು ಹುಡುಗೀರು.

ಇಷ್ಟೆಲ್ಲಾ ಮಾಡಿದ್ರೂ ಕಾಣದೇ ಇರೋದು ಒಂದಿದೆ, ಲೈಬ್ರರಿನ ಹೊಟ್ಟೆಯೊಳಗೇ ಇಟ್ಕೊಂಡು ಬರೋ ಸಾಫ್ಟ್‌ವೇರುಗಳು. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರಗಳನ್ನ ಬಿಡಿಸೋ ಲಿಬ್‌ವೆಬ್‌ಪಿಯಲ್ಲಿ ತೂತು ಬಂತಲ್ಲ, ಸಿವಿಇ-2023-4863, ಒಂದು ಚಿತ್ರ ತೆರೆದ್ರೆ ಸಾಕು ಅನ್ನೋ ಮಟ್ಟದ್ದು. ಡೆಬಿಯನ್‌ನ ಲಿಬ್‌ವೆಬ್‌ಪಿ ಪ್ಯಾಕೇಜಿನ ಉಲ್ಟಾ ಪಟ್ಟಿ ನೋಡಿ ಅಪ್‌ಡೇಟ್ ಮಾಡಿ ಕೈ ತೊಳ್ಕೊಂಡ್ರೆ ಆಗ್ತಿರ್ಲಿಲ್ಲ, ಎಲೆಕ್ಟ್ರಾನ್ ಮೇಲೆ ಕಟ್ಟಿದ ಪ್ರತಿ ಆ್ಯಪ್ ಒಳಗೂ ಕ್ರೋಮಿಯಂ ಬ್ರೌಸರ್ ಇರತ್ತೆ, ಅದರೊಳಗೆ ಅದರದೇ ಲಿಬ್‌ವೆಬ್‌ಪಿ. ಆ ಆ್ಯಪ್ ಮಾಡಿದವ್ರು ಹೊಸದು ಬಿಡೋವರೆಗೂ ಕಾಯ್ಬೇಕು. ಗೋ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳೂ ಎಲ್ಲಾ ಒಳಗೇ ಕಟ್ಕೊಂಡು ಬರೋದು, ಆದ್ರೆ ಅವ್ರು ಒಂದು ಉಪಕಾರ ಮಾಡಿದಾರೆ, ಗೋ ವರ್ಶನ್ -ಎಂ ಅಂತ ಹೊಡೆದು ಬೈನರಿ ಹೆಸರು ಕೊಟ್ರೆ ಒಳಗೆ ಯಾವ್ಯಾವ ಮಾಡ್ಯೂಲ್ ಯಾವ ವರ್ಶನ್ ಇದೆ ಅಂತ ಪಟ್ಟಿ ಬರತ್ತೆ. ಫ್ಲ್ಯಾಟ್‌ಪ್ಯಾಕ್ ಆ್ಯಪ್‌ಗಳಿಗೆ ರನ್‌ಟೈಮ್ (ಅವು ಹಂಚ್ಕೊಳ್ಳೋ ಲೈಬ್ರರಿಗಳ ಕಟ್ಟು) ಯಾವ್ದು ಅಂತ ಫ್ಲ್ಯಾಟ್‌ಪ್ಯಾಕ್ ಲಿಸ್ಟ್‌ನಲ್ಲಿ ನೋಡಬಹುದು. ಕಂಟೇನರ್ ಇದ್ರೆ ಪ್ರತಿ ಇಮೇಜ್ ಒಳಗೂ ಹೋಗಿ ಅದರದೇ ಪ್ಯಾಕೇಜ್ ಮ್ಯಾನೇಜರ್‌ನ ಕೇಳ್ಬೇಕು, ಹೊರಗಿನ ಮಷೀನಿನ ಆಪ್ಟ್‌ಗೆ ಒಳಗಿನದು ಗೊತ್ತಾಗಲ್ಲ. ಆದ್ರೆ ಹೊರಗಿನ ಮಷೀನಿನ ರೂಟ್‌ಗೆ ಒಳಗಿನ ಪ್ರೋಸೆಸ್‌ಗಳು ಕಾಣ್ತವೆ, ಹಾಗಾಗಿ ಆ ಮ್ಯಾಪ್ಸ್ ಗ್ರೆಪ್ ಕಂಟೇನರ್‌ನಲ್ಲಿ ಓಡ್ತಿರೋದನ್ನೂ ಹಿಡಿಯತ್ತೆ, ನಾನು ಮೊದಲು ಅದನ್ನೇ ಹಾಕೋದು.

ಪೈಥಾನ್ ಬಗ್ಗೆ ಒಂದು ಮಾತು ಹೇಳಿಬಿಡ್ತೀನಿ. ಪೈಥಾನ್‌ನ ಪ್ಯಾಕೇಜ್ ಟೂಲ್ ಪಿಪ್. ಪಿಪ್ ಶೋ ಅಂತ ಹಾಕಿ ಪ್ಯಾಕೇಜಿನ ಹೆಸರು ಕೊಟ್ರೆ ಕೊನೇಲಿ ರಿಕ್ವೈರ್ಡ್-ಬೈ ಅಂತ ಉಲ್ಟಾ ಪಟ್ಟಿ ಬರತ್ತೆ, ಚೆನ್ನಾಗಿದೆ, ಆದ್ರೆ ನೇರ ಸಂಬಂಧ ಮಾತ್ರ, ಸರಪಳಿ ಬೇಕು ಅಂದ್ರೆ ಪಿಪ್‌ಡೆಪ್‌ಟ್ರೀ ಹಾಕ್ಕೊಂಡು --ರಿವರ್ಸ್ ಕೊಡಿ. ಆಪ್ಟ್ ಥರ ಪಿಪ್ ಕಾವಲು ಕಾಯಲ್ಲ ಅನ್ನೋದು ನೆನಪಿರ್ಲಿ. ಆಪ್ಟ್ ಆದ್ರೆ ಒಂದು ಲೈಬ್ರರಿ ತೆಗೆಯೋಕೆ ಹೋದಾಗ ಇದ್ರ ಜೊತೆ ಇವೂ ಹೋಗ್ತವೆ ಅಂತ ಪಟ್ಟಿ ಕೊಟ್ಟು ಕೇಳತ್ತೆ, ಆಪ್ಟ್-ಗೆಟ್ -ಎಸ್ ರಿಮೂವ್ ಅಂತ ಚಿಕ್ಕ ಎಸ್ ಹಾಕಿದ್ರೆ ಏನನ್ನೂ ಮುಟ್ಟದೆ ಬರೀ ಪಟ್ಟಿ ತೋರಿಸತ್ತೆ, ಉಲ್ಟಾ ಸಂಬಂಧ ತಿಳ್ಕೊಳ್ಳೋಕೆ ಅದೂ ಒಳ್ಳೇ ದಾರಿ. ಪಿಪ್ ಅನ್‌ಇನ್‌ಸ್ಟಾಲ್ ಮಾತ್ರ ಬೇರೆಯವ್ರಿಗೆ ಬೇಕಾ ಅಂತ ನೋಡ್ದೇನೇ ತೆಗೆದುಹಾಕತ್ತೆ, ತೆಗೆದಾದ್ಮೇಲೆ ಪಿಪ್ ಚೆಕ್ ಹಾಕಿದ್ರೆ ಯಾವ್ದು ಮುರಿದಿದೆ ಅಂತ ಗೊತ್ತಾಗತ್ತೆ. ಒಂದೊಂದು ವರ್ಚುವಲ್ ಎನ್ವಿರಾನ್‌ಮೆಂಟ್‌ಗೂ ಬೇರೆ ಬೇರೆ ಕೇಳ್ಬೇಕು, ಒಂದರಲ್ಲಿ ಕೇಳಿದ್ದು ಇನ್ನೊಂದಕ್ಕೆ ಲಾಗೂ ಆಗಲ್ಲ.